ಒಪ್ಪಿಕೊಳ್ಳಲೇ, ಬುದ್ಧಿ?



ಮಠಕ್ಕೆ ಬರುವ ಭಕ್ತರು ನಮ್ಮ ಮುಂದಿಡುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಮಗಳ ಮದುವೆಯಿಂದ ತೊಡಗಿ ಮಗನ ಕಾಲೇಜಿನ ಸೀಟು, ಅಣ್ಣತಮ್ಮಂದಿರ ಪಾಲುಪಾರಿಕತ್ತು, ತೋಟದ ಕೊಳವೆಬಾವಿಗೆ ನೀರು ಬಂದೀತೇ ಎಂಬಲ್ಲಿಯವರೆಗೆ ಅವು ಹಬ್ಬಿರುತ್ತವೆ. ಬಹುಮಟ್ಟಿಗೆ ಉತ್ತರವನ್ನು ಅವರೇ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿರುತ್ತಾರೆ. ನಾವು ವಿಭೂತಿ ಕೊಟ್ಟು ತಲೆಯಾಡಿಸಿದರೆ ಸಾಕು, ಸಮಾಧಾನದಿಂದ ಹಿಂದಿರುಗುತ್ತಾರೆ. ಆದರೆ 2023ರ ಕಾರ್ತಿಕದ ಒಂದು ಸಂಜೆ ಜೆ.ಪಿ. ನಗರದ ನಮ್ಮ ಶಾಖಾಮಠದಲ್ಲಿ ಕೇಳಿಬಂದ ಪ್ರಶ್ನೆಗೆ ಕೇಳಿದವನ ಬಳಿಯೂ ಉತ್ತರವಿರಲಿಲ್ಲ, ನಮ್ಮ ಬಳಿಯೂ ಇರಲಿಲ್ಲ.

ಕೇಳಿದಾತ ನಮ್ಮ ಪ್ರಸಾದ ನಿಲಯದಲ್ಲಿ ಎಸ್.ಎಸ್.ಎಲ್.ಸಿ.ವರೆಗೆ ಓದಿದವನು. ಹೆಸರು ಬೇಡ, ಮೊಕದ್ದಮೆ ಇನ್ನೂ ನಡೆಯುತ್ತಿದೆ. ಬನಶಂಕರಿಯಲ್ಲಿ ಬಾಡಿಗೆ ಮನೆ, ಹೆಂಡತಿ, ಒಬ್ಬಳು ಮಗಳು, ಸಾಲದ ಮೇಲೆ ಕೊಂಡ ಒಂದು ಲಗೇಜ್ ಆಟೋ. ಬೆಳಗಿನ ಜಾವ ಸಾರಕ್ಕಿ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಏರಿಸಿಕೊಂಡು ಬಿ.ಟಿ.ಎಂ. ಬಡಾವಣೆಯ ಅಂಗಡಿಗಳಿಗೆ ಮುಟ್ಟಿಸುವುದು ಆತನ ಜೀವನೋಪಾಯ.

2022ರ ಮಳೆಗಾಲದಲ್ಲಿ ಒಂದು ದಿನ ಬೆಳಕು ಹರಿಯುವ ಮೊದಲು ಹೊರವರ್ತುಲ ರಸ್ತೆಯಲ್ಲಿ ಹೋಗುತ್ತಿದ್ದಾಗ, ಉರುಳಿಬಿದ್ದ ಸ್ಕೂಟರಿನ ಪಕ್ಕದಲ್ಲಿ ವೃದ್ಧರೊಬ್ಬರು ನರಳುತ್ತಿದ್ದುದು ಕಂಡಿತಂತೆ. ವಾಹನಗಳು ಬಳಸಿಕೊಂಡು ಹೋಗುತ್ತಿದ್ದುವು. ಈತ ನಿಲ್ಲಿಸಿದ. ರಸ್ತೆಬದಿಯಲ್ಲಿ ಚಹಾ ಮಾರುತ್ತಿದ್ದ ಹುಡುಗನೊಬ್ಬನ ನೆರವಿನಿಂದ ಅವರನ್ನು ಎತ್ತಿ, ಮೂಟೆಗಳ ನಡುವೆ ಮಲಗಿಸಿ, ಆಸ್ಪತ್ರೆಗೆ ಸೇರಿಸಿದ. ಮೂರನೆಯ ದಿನ ಅವರು ತೀರಿಕೊಂಡರು. ಆಸ್ಪತ್ರೆಯ ಪುಸ್ತಕದಲ್ಲಿ ಬರೆದಿದ್ದುದು ಈತನ ಹೆಸರು, ಈತನ ಗಾಡಿಯ ನಂಬರು. ಗಾಡಿಯೊಳಗೆ ರಕ್ತ, ಮುಂಭಾಗದಲ್ಲಿ ಎಂದೋ ಆಗಿದ್ದ ಹಳೆಯ ತಗ್ಗು. ಲಗೇಜ್ ಆಟೋವೊಂದು ಅಲ್ಲಿದ್ದುದನ್ನು ಕಂಡೆನೆಂದು ಹೇಳಲು ಒಬ್ಬ ದಾರಿಹೋಕ. ಭಾರತೀಯ ದಂಡಸಂಹಿತೆಯ 279 ಮತ್ತು 304-ಎ ಕಲಮುಗಳನ್ನು ಹಾಕಿ ದೋಷಾರೋಪ ಪಟ್ಟಿ ಸಿದ್ಧವಾಯಿತು. ಚಹಾ ಹುಡುಗ ಅಷ್ಟರಲ್ಲಿ ತನ್ನ ಊರಿಗೆ ಹೊರಟುಹೋಗಿದ್ದ. ಆ ಊರು ಯಾವುದೆಂದು ಬಲ್ಲವರಿಲ್ಲ.

ಇಷ್ಟನ್ನು ಹೇಳಿ ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ವಕೀಲ್ರು ಒಪ್ಕೊಂಡ್ಬಿಡು ಅಂತಾರೆ ಬುದ್ಧಿ. ದಂಡ, ಒಂದಿಷ್ಟು ಪರಿಹಾರ ಕೊಟ್ರೆ ಎರಡು ಮೂರು ತಿಂಗ್ಳಲ್ಲಿ ಮುಗ್ದೋಗುತ್ತೆ, ಜೈಲು ಇರಲ್ಲ ಅಂತಾರೆ. ಇಲ್ದಿದ್ರೆ ಐದಾರು ವರ್ಷ ಅಲೀಬೇಕಂತೆ. ನಾನು ಗುದ್ದಿಲ್ಲ. ಒಪ್ಪಿಕೊಳ್ಳಲೇ, ಬುದ್ಧಿ?” ಎಂದ.

ವಚನವೊಂದನ್ನು ಹೇಳಿ ಕಳಿಸಿಬಿಡುವುದು ನಮ್ಮಂಥವರಿಗೆ ಬಲು ಸುಲಭ. ಸತ್ಯವನ್ನು ಬಿಡಬೇಡವೆಂದರೆ ನಮ್ಮ ಕೆಲಸ ಮುಗಿಯಿತು. ಆತನ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ಜರ್ಮನ್ ದಾರ್ಶನಿಕ ಕಾಂಟನ 1797ರ ಪ್ರಬಂಧವೊಂದನ್ನು ಓದಿದ್ದೆವು. ಮಿತ್ರನನ್ನು ಕೊಲ್ಲಲು ಹುಡುಕಿ ಬಂದವನಿಗೂ ಸುಳ್ಳು ಹೇಳಲಾಗದೆಂಬುದು ಅದರ ನಿಲುವು. ಪರೀಕ್ಷೆಯಲ್ಲಿ ಅದನ್ನು ಬಹು ಚೆನ್ನಾಗಿಯೇ ಸಮರ್ಥಿಸಿ ಬರೆದಿದ್ದೆವು. ಕಾಂಟ್ ಮಹಾಶಯನಿಗೆ ಸಾಲದ ಕಂತು ಕಟ್ಟಬೇಕಾದ ಲಗೇಜ್ ಆಟೋ ಇರಲಿಲ್ಲವೆಂಬುದು ಆಗ ಹೊಳೆದಿರಲಿಲ್ಲ.

ನಾವು ಸುಮ್ಮನಾದುದಕ್ಕೆ ಮತ್ತೊಂದು ಕಾರಣವಿತ್ತು. ಅದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಪೂರ್ವಾಶ್ರಮದ ಮಾತು. ನಮಗಾಗ ಹನ್ನೆರಡು ವರ್ಷ, 1980ರ ದಶಕದ ಆರಂಭ. ಉಚಿತ ವಿದ್ಯಾರ್ಥಿನಿಲಯವೊಂದರಲ್ಲಿ ಓದುತ್ತಿದ್ದೆವು. ಒಂದು ದಿನ ಕಚೇರಿಯ ಗುಮಾಸ್ತರ ಹೀರೋ ಪೆನ್ನು ಕಾಣೆಯಾಯಿತು. ಆ ಕಾಲದಲ್ಲಿ ಹೀರೋ ಪೆನ್ನೆಂದರೆ ಏನೆಂಬುದನ್ನು ನಿಮ್ಮಲ್ಲಿ ವಯಸ್ಸಾದವರಿಗೆ ಹೇಳಬೇಕಾಗಿಲ್ಲ. ಕದ್ದವನು ಎದ್ದು ನಿಲ್ಲುವವರೆಗೆ ಯಾರೂ ಪಂಕ್ತಿಗೆ ಕೂಡುವಂತಿಲ್ಲವೆಂದು ನಿಲಯಪಾಲಕರು ಆಜ್ಞೆ ಮಾಡಿದರು. ಹನ್ನೆರಡಾಯಿತು, ಒಂದಾಯಿತು, ಎರಡು ದಾಟಿತು. ಅಡಿಗೆಮನೆಯಿಂದ ಸಾರಿನ ವಾಸನೆ ಬರುತ್ತಿತ್ತು. ಮೂರನೆಯ ನಾಲ್ಕನೆಯ ತರಗತಿಯ ಚಿಕ್ಕ ಮಕ್ಕಳು ಅಳತೊಡಗಿದರು. ನಮಗೇನನ್ನಿಸಿತೋ ಇಂದಿಗೂ ಸರಿಯಾಗಿ ಹೇಳಲಾರೆವು. ಎದ್ದು ನಿಂತು, “ನಾನು ತಗೊಂಡೆ, ಬಾವಿಗೆ ಬಿದ್ದುಹೋಯ್ತು” ಎಂದುಬಿಟ್ಟೆವು. ಎರಡು ಏಟು ಬಿದ್ದುವು, ಒಂದು ವಾರ ಅಂಗಳ ಗುಡಿಸುವ ಶಿಕ್ಷೆಯಾಯಿತು. ಎಲ್ಲರೂ ಉಂಡರು. ಅಂದು ನಮಗೆ ದುಃಖವಾಗಲಿಲ್ಲ. ದೊಡ್ಡದೊಂದು ತ್ಯಾಗ ಮಾಡಿದೆವೆಂಬ ಹೆಮ್ಮೆಯೇ ಇತ್ತು.

ತಿಂಗಳು ಕಳೆದ ಮೇಲೆ ಆ ಪೆನ್ನು ಕಚೇರಿಯ ಲೆಡ್ಜರಿನ ಹಾಳೆಗಳ ನಡುವೆಯೇ ಸಿಕ್ಕಿತು. ಈಗ ನಮ್ಮ ಕಳಂಕ ತೊಳೆದುಹೋಯಿತೆಂದು ಓಡಿಹೋದೆವು. ನಿಲಯಪಾಲಕರು ಕೇಳಿದ್ದು ಒಂದೇ ಮಾತು: “ಹಾಗಾದರೆ ಬಾವಿಗೆ ಬಿತ್ತು ಅಂತ ಯಾಕೆ ಹೇಳಿದೆ?” ಕಳ್ಳನಲ್ಲವೆಂದಾಯಿತು, ಸುಳ್ಳನೆಂದು ಸ್ಥಿರವಾಯಿತು. ಆಮೇಲೆ ಆ ನಿಲಯದಲ್ಲಿ ನಮ್ಮ ಯಾವ ಮಾತಿಗೂ ಬೆಲೆಯಿರಲಿಲ್ಲ. ರಜೆಗೆ ಊರಿಗೆ ಹೋದಾಗ ತಂದೆಯವರಿಗೂ ಸುದ್ದಿ ಮುಟ್ಟಿತ್ತು. ಅವರು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಈ ಕಥೆಯನ್ನು ಆ ಸಂಜೆ ಆತನಿಗೆ ಹೇಳಿದೆವು. ಆತ ಗಮನವಿಟ್ಟು ಕೇಳಿದ. ಮುಗಿದ ಮೇಲೆ, “ಆದ್ರೆ ಆವತ್ತು ಮಕ್ಕಳಿಗೆಲ್ಲಾ ಊಟ ಸಿಕ್ತಲ್ಲ, ಬುದ್ಧಿ?” ಎಂದ.

ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹದಿನೈದು ದಿನ ಬಿಟ್ಟು ಬಾ, ಅಷ್ಟರೊಳಗೆ ಯಾವ ಕಾಗದಕ್ಕೂ ರುಜು ಹಾಕಬೇಡವೆಂದು ಹೇಳಿ ಕಳಿಸಿದೆವು. ಹಳೆಯ ವಿದ್ಯಾರ್ಥಿಯೊಬ್ಬರು ವಕೀಲರಾಗಿದ್ದಾರೆ. ಅವರನ್ನು ಕರೆಸಿ ವಿಷಯವನ್ನು ಬುಡದಿಂದ ತಿಳಿದುಕೊಂಡೆವು. ಆಗ ತಿಳಿದುದನ್ನು ನಿಮಗೂ ಹೇಳುವುದು ಯುಕ್ತ. ಏಕೆಂದರೆ ಇಂಥ ಸಂದರ್ಭ ಯಾರ ಮನೆಯ ಬಾಗಿಲಿಗಾದರೂ ಬಂದೀತು.

ಪ್ಲೀ ಬಾರ್ಗೇನಿಂಗ್, ಎಂದರೆ ತಪ್ಪೊಪ್ಪಿಗೆಯ ಚೌಕಾಸಿ, ನಮ್ಮ ದೇಶದ ಕಾನೂನಿಗೆ ಬಂದುದು ತಡವಾಗಿ. ಅಮೆರಿಕದಲ್ಲಿ ಅದೇ ರಾಜಮಾರ್ಗ. ಫೆಡರಲ್ ನ್ಯಾಯಾಲಯಗಳ ಶಿಕ್ಷೆಗಳಲ್ಲಿ ನೂರಕ್ಕೆ 97, ರಾಜ್ಯಗಳಲ್ಲಿ ನೂರಕ್ಕೆ 94 ತಪ್ಪೊಪ್ಪಿಗೆಯಿಂದಲೇ ಆಗುತ್ತವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಬರೆಯಿತು. ನಮ್ಮಲ್ಲಿ ಅದನ್ನು ಮೊದಲು ಶಂಕೆಯಿಂದಲೇ ನೋಡಲಾಯಿತು. ಆಹಾರ ಕಲಬೆರಕೆಯ ಮೊಕದ್ದಮೆಯೊಂದರಲ್ಲಿ 1980ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ದೀರ್ಘವಾದ ವಿಚಾರಣೆಯ ಬವಣೆಗಿಂತ ಹಗುರವಾದ ಶಿಕ್ಷೆಯೇ ಲೇಸೆಂದು ನಿರಪರಾಧಿಯೂ ಒಪ್ಪಿಕೊಂಡುಬಿಟ್ಟಾನು ಎಂಬ ಭೀತಿಯನ್ನು ಅದರಲ್ಲಿ ವ್ಯಕ್ತಪಡಿಸಿದರು. ನಮ್ಮ ಮುಂದೆ ಕುಳಿತಿದ್ದ ಆ ಚಾಲಕನನ್ನು ಕಂಡೇ ಬರೆದಂತಿದೆ.

ಮುಂದಿನದು ನಮ್ಮ ನಾಡಿನದೇ ಮೊಕದ್ದಮೆ: ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಎಂದು 1983ರ ಕಾನೂನು ವರದಿಗಳಲ್ಲಿ ಪ್ರಕಟವಾಗಿದೆ. ಆರೋಪ ಅದೇ 304-ಎ, ಅಜಾಗರೂಕತೆಯಿಂದ ಮರಣವುಂಟುಮಾಡಿದ್ದು. ಹಗುರವಾಗಿ ಬಿಡಲಾಗುವುದೆಂಬ ಭರವಸೆಯಿಂದ ಆರೋಪಿ ಒಪ್ಪಿಕೊಂಡ. ಕೆಳಗಿನ ನ್ಯಾಯಾಲಯ ದಂಡವನ್ನಷ್ಟೇ ವಿಧಿಸಿತು. ಸರ್ಕಾರ ಮೇಲೆ ಹೋಯಿತು. ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ಹೆಚ್ಚಿಸಿ ಸೆರೆವಾಸಕ್ಕೆ ಕಳಿಸಿತು. ಒಪ್ಪಿಕೊಂಡರೆ ಬಿಡುತ್ತೇವೆಂದು ಹೇಳಿ ಬಾಯಿಬಿಡಿಸಿ, ಆ ಒಪ್ಪಿಗೆಯನ್ನೇ ಹಿಡಿದು ಮೇಲಿನ ಹಂತದಲ್ಲಿ ಶಿಕ್ಷೆ ಏರಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಶಿಕ್ಷೆಯನ್ನು ರದ್ದುಪಡಿಸಿ, ಬೇಕಾದರೆ ಆತ ತನ್ನ ಸಮರ್ಥನೆಯನ್ನು ಮಾಡಿಕೊಳ್ಳಲೆಂದು ಮೊಕದ್ದಮೆಯನ್ನು ಮೊದಲಿನಿಂದ ನಡೆಸಲು ಹಿಂದಕ್ಕೆ ಕಳಿಸಿತು. ಇದನ್ನು ಓದಿದಾಗ ನಮಗೆ ಹೀರೋ ಪೆನ್ನು ನೆನಪಾಯಿತು. ನಮಗಾದರೋ ಹಿಂದಕ್ಕೆ ಕಳಿಸುವ ನ್ಯಾಯಾಲಯವಿರಲಿಲ್ಲ.

ಆ ಬಳಿಕ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಮೊಕದ್ದಮೆಗಳು ಗುಡ್ಡೆಯಾಗಿ ಬಿದ್ದಿದ್ದುವು. ವಿಚಾರಣೆಯಿಲ್ಲದೆ ಸೆರೆಮನೆಯಲ್ಲಿ ಕೊಳೆಯುವವರ ಸಂಖ್ಯೆ ಬೆಳೆಯುತ್ತಿತ್ತು. ಕಾನೂನು ಆಯೋಗ ತನ್ನ 142 ಮತ್ತು 154ನೆಯ ವರದಿಗಳಲ್ಲಿ ಈ ಪದ್ಧತಿಯನ್ನು ಶಿಫಾರಸು ಮಾಡಿತು. ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ನಮ್ಮವರೇ ಆದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ಅದಕ್ಕೆ ದನಿಗೂಡಿಸಿತು. 2006ರ ಜುಲೈ 5ರಿಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೊಸ ಅಧ್ಯಾಯವೊಂದು ಜಾರಿಗೆ ಬಂದಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಅನ್ವಯ. ಸ್ತ್ರೀಯರ ಮೇಲಿನ, ಹದಿನಾಲ್ಕು ವರ್ಷದೊಳಗಿನ ಮಕ್ಕಳ ಮೇಲಿನ ಅಪರಾಧಗಳಿಗೆ ಇಲ್ಲ. ಇಷ್ಟಾಗಿಯೂ ನಮ್ಮ ಜನ ಅದನ್ನು ಬಳಸುವುದು ಬಹಳ ವಿರಳ. ನೂರು ಮೊಕದ್ದಮೆಗೆ ಒಂದೂ ಬರುವುದಿಲ್ಲ.

ಮಳಿಮಠರಂಥವರ ಉದ್ದೇಶ ಸದುದ್ದೇಶವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ತಪ್ಪು ಮಾಡಿ ಪಶ್ಚಾತ್ತಾಪಪಟ್ಟವನಿಗೆ ಅದು ಒಳ್ಳೆಯ ದಾರಿಯೇ. ನೊಂದವರಿಗೂ ಬೇಗ ಪರಿಹಾರ ಸಿಕ್ಕುತ್ತದೆ. ಆದರೆ ತಪ್ಪು ಮಾಡದವನು ಅದೇ ಬಾಗಿಲಿನಿಂದ ಹೊರಬರಲೆಳಸಿದರೆ ಆತ ತೆರಬೇಕಾದ ಬೆಲೆಯೇನು?

ಮೊದಲು ಆತ ಸ್ವಇಚ್ಛೆಯಿಂದ ಬಂದಿರುವೆನೆಂದು ಪ್ರಮಾಣಪತ್ರ ಸಲ್ಲಿಸಬೇಕು. ಬಳಿಕ ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿಟ್ಟು ಗೋಪ್ಯವಾಗಿ ಆತನೊಬ್ಬನನ್ನೇ ವಿಚಾರಿಸುತ್ತಾರೆ. ಯಾರ ಬಲವಂತವೂ ಇಲ್ಲವಷ್ಟೆ ಎಂಬುದೇ ಅಲ್ಲಿ ಮುಖ್ಯ. ಸಾಲದ ಕಂತು, ಕಳೆದುಹೋದ ಕೂಲಿ, ವರ್ಷಗಟ್ಟಲೆಯ ಅಲೆದಾಟದ ಭಯ ಇವಾವುವೂ ಕಾನೂನಿನ ಕಣ್ಣಿಗೆ ಬಲವಂತವಲ್ಲ. ಒಪ್ಪಂದದ ಮೇಲೆ ಬಂದ ತೀರ್ಪು ಅಂತಿಮ. ಸಾಮಾನ್ಯವಾದ ಮೇಲ್ಮನವಿಗೆ ಅವಕಾಶವಿಲ್ಲ. ಸಂವಿಧಾನದ 136, 226, 227ನೆಯ ವಿಧಿಗಳ ಎತ್ತರದ ಕದಗಳನ್ನು ಮಾತ್ರ ತಟ್ಟಬಹುದು. ಚಹಾ ಹುಡುಗ ನಾಳೆ ಸಿಕ್ಕಿಬಿಟ್ಟರೂ ಆತನ ಮಾತನ್ನು ಕೇಳುವ ಪೀಠ ಎದ್ದುಹೋಗಿರುತ್ತದೆ. ಶಿಕ್ಷೆ ಹಗುರವಾದರೂ ಅಪರಾಧಿಯೆಂಬ ಹೆಸರು ಹಗುರವಲ್ಲ.

ಇನ್ನು ಜೈಲು ಇರುವುದಿಲ್ಲವೆಂಬ ಮಾತು. 304-ಎ ಕಲಮಿಗೆ ಗರಿಷ್ಠ ಎರಡು ವರ್ಷ. ಚೌಕಾಸಿಯಲ್ಲಿ ಅದರ ನಾಲ್ಕನೆಯ ಒಂದು ಭಾಗದವರೆಗೆ, ಎಂದರೆ ಆರು ತಿಂಗಳವರೆಗೆ ವಿಧಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಸನ್ನಡತೆಯ ಮೇಲೆ ಬಿಡುಗಡೆ ಮಾಡಲೂ ಬಹುದು. ಆದರೆ ದುಡುಕಿನ ಚಾಲನೆಯಿಂದ ಸಾವು ತಂದವರಿಗೆ ಆ ಸೌಲಭ್ಯವನ್ನು ಸಾಮಾನ್ಯವಾಗಿ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿಯೇ ಹೇಳಿದೆ. ಚಾಲನಾ ಪರವಾನಗಿಯನ್ನು ಅನರ್ಹಗೊಳಿಸುವ ಅಧಿಕಾರವೂ ಶಿಕ್ಷೆ ವಿಧಿಸುವ ನ್ಯಾಯಾಲಯಕ್ಕಿದೆ. ಇವಾವುವನ್ನೂ ಆತನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ವಕೀಲರಿದ್ದೀರಿ. ಇದು ನಿಮ್ಮ ಮೇಲೆ ನಮ್ಮ ದೂರು. ‘ಮುಗಿದುಹೋಗುತ್ತದೆ’ ಎಂದಷ್ಟೇ ಹೇಳುತ್ತೀರಿ. ಏನು ಮುಗಿಯುತ್ತದೆ, ಏನು ಆರಂಭವಾಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಆತನ ಮನಸ್ಸಿನಲ್ಲಿ ಇನ್ನೊಂದು ಮುಳ್ಳಿತ್ತು. ತಾನು ಒಪ್ಪಿಕೊಳ್ಳದಿದ್ದರೆ ಆ ವೃದ್ಧರ ಮನೆಯವರಿಗೆ ಹಣ ಸಿಗಲಾರದೇನೋ ಎಂಬ ಅಳುಕು. ಪರಿಹಾರದ ದಾರಿಯೇ ಬೇರೆ. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನಡೆಯುವಂಥದು. ಕ್ರಿಮಿನಲ್ ಮೊಕದ್ದಮೆಯಷ್ಟು ಕಟ್ಟುನಿಟ್ಟಾದ ರುಜುವಾತು ಅಲ್ಲಿ ಬೇಕಿಲ್ಲ. ಈತನ ತಪ್ಪೊಪ್ಪಿಗೆಗಾಗಿ ಅದು ಕಾದು ಕುಳಿತಿರಬೇಕಾಗಿಲ್ಲ. ಇದನ್ನು ಕೇಳಿ ಆತನ ಮುಖ ಅರ್ಧ ತಿಳಿಯಾಯಿತು.

ಅಪಘಾತಕ್ಕೆ ಸಿಕ್ಕವರನ್ನು ಎತ್ತಿ ಉಪಕರಿಸಿದವರಿಗೆ ರಕ್ಷಣೆ ನೀಡುವ ಕಾಯಿದೆಯನ್ನು ದೇಶದಲ್ಲಿಯೇ ಮೊದಲು, 2016ರಲ್ಲಿ, ರೂಪಿಸಿದ ರಾಜ್ಯ ನಮ್ಮದು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವೂ ಅಂಥವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಮುದ್ರೆಯೊತ್ತಿತು. ಆದರೆ ಆ ರಕ್ಷಣೆ ಇರುವುದು ಎತ್ತಿದವನಿಗೆ, ಕೆಡವಿದವನಿಗಲ್ಲ. ಈತ ಯಾರೆಂಬುದೇ ಇಲ್ಲಿರುವ ವಿವಾದ. ಒಪ್ಪಿಕೊಂಡ ಮರುಕ್ಷಣ ಎತ್ತಿದ ಕೈ ಕೆಡವಿದ ಕೈಯೆಂದು ದಾಖಲಾಗಿಬಿಡುತ್ತದೆ.

ಇಷ್ಟು ಬರೆದರೂ ಒಂದನ್ನು ಮುಚ್ಚಿಡಲಾರೆವು. ಆತ ನಿರಪರಾಧಿಯೆಂಬುದಕ್ಕೆ ನಮ್ಮ ಬಳಿಯಿರುವ ಸಾಕ್ಷ್ಯ ಆತನ ಮಾತೊಂದೇ. ನಾವು ಅಲ್ಲಿರಲಿಲ್ಲ. ಹತ್ತು ವರ್ಷ ನಮ್ಮ ಪಂಕ್ತಿಯಲ್ಲಿ ಕುಳಿತು ಉಂಡವನೆಂಬ ಮಮತೆ ಸಾಕ್ಷ್ಯವಾಗಲಾರದು. ಆದರೆ ಅಂದು ನಮ್ಮನ್ನು ಯಾರಾದರೂ ಇಷ್ಟು ನಂಬಿದ್ದರೆ ಆ ಪೆನ್ನಿನ ಕಥೆ ಬೇರೆಯಾಗುತ್ತಿತ್ತೆಂಬುದನ್ನೂ ಮರೆಯಲಾಗದು.

ಹದಿನೈದು ದಿನಗಳ ಮೇಲೆ ಆತ ಬಂದ. ತಿಳಿದುದೆಲ್ಲವನ್ನೂ ಎರಡು ಪಕ್ಷಗಳಿಂದಲೂ ವಿವರಿಸಿದೆವು. ವಿಚಾರಣೆ ನಡೆಸಿದರೆ ಸೋಲಲೂ ಬಹುದು, ಸೋತರೆ ಶಿಕ್ಷೆ ಹೆಚ್ಚಾದೀತು, ಗೆದ್ದರೂ ಕಳೆದ ವರ್ಷಗಳನ್ನು ಯಾರೂ ಹಿಂದಿರುಗಿಸುವುದಿಲ್ಲವೆಂಬುದನ್ನು ಒತ್ತಿ ಹೇಳಿದೆವು. ಒಪ್ಪಿಕೊಂಡರೂ ಮಠದ ಬಾಗಿಲು ನಿನಗೆ ಮುಚ್ಚುವುದಿಲ್ಲ, ಮಗು, ಎಂದೂ ಹೇಳಿದೆವು. ಇದನ್ನು ಓದಿ ಕೆಲವು ಹಿರಿಯರು ಹುಬ್ಬು ಗಂಟಿಕ್ಕಿಯಾರು. ಗುರುವಾದವನು ಸುಳ್ಳಿಗೆ ಅನುಮತಿ ಕೊಡಬಹುದೇ ಎಂದಾರು. ಅನುಮತಿ ಕೊಡಲಿಲ್ಲ. ಆದರೆ ಹಸಿದ ಮಕ್ಕಳ ಅಳು ಕೇಳಿ ಎದ್ದು ನಿಂತವನನ್ನು ಕೀಳಾಗಿ ಕಾಣಲು ನಮ್ಮಿಂದಾಗದು. ಆ ಹುಡುಗನ ಪರಿಚಯ ನಮಗಿದೆ. ಸತ್ಯಕ್ಕೆ ನಿಲ್ಲು ಎಂದು ಹೇಳುವವನು ನಿಲ್ಲುವವನ ಖರ್ಚಿನಲ್ಲಿ ಪಾಲು ಹೊರಬೇಕು. ಹೊರಲಾರೆನೆಂದರೆ ಆ ಮಾತನ್ನು ಆಡುವ ಅಧಿಕಾರವೂ ಇಲ್ಲ. ಆದುದರಿಂದ ನೀನು ನಡೆಸುವುದಾದರೆ ವಕೀಲರ ವ್ಯವಸ್ಥೆ ನಮ್ಮದು, ಮಗಳ ಓದು ನಮ್ಮ ನಿಲಯದಲ್ಲಿ, ಎಂದೆವು.

ಆತ ಬಹಳ ಹೊತ್ತು ನೆಲವನ್ನು ನೋಡುತ್ತಿದ್ದು, “ಒಪ್ಕೊಳಲ್ಲ ಬುದ್ಧಿ. ಲೈಸೆನ್ಸ್ ಹೋದ್ರೆ ತಿನ್ನಕ್ಕೇನು ಮಾಡ್ಲಿ?” ಎಂದ. ನಾವು ಧರ್ಮಸೂಕ್ಷ್ಮದ ಮಾತೊಂದನ್ನು ನಿರೀಕ್ಷಿಸಿದ್ದೆವು; ಆತ ಲೈಸೆನ್ಸಿನ ಮಾತಾಡಿದ. ಒಳಗೊಳಗೇ ನಗು ಬಂದಿತು. ನಮಸ್ಕರಿಸಿ ಹೊರಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡವನು ಮತ್ತೆ ಹೊಸ್ತಿಲ ಬಳಿಗೆ ಬಂದು, “ಅಲ್ದೆ, ಹಂಗೆ ಒಪ್ಕೊಂಡ್ಬಿಟ್ರೆ ನಾಳೆ ರಸ್ತೇಲಿ ಯಾರಾದ್ರೂ ಬಿದ್ದಿದ್ರೆ ಎತ್ತಕ್ಕೆ ಕೈ ಬರಲ್ಲ ಬುದ್ಧಿ” ಎಂದು ಹೇಳಿ ಹೊರಟುಹೋದ.

ಆಮೇಲೆ ಕಾನೂನು ಬದಲಾಗಿದೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದ್ದು, ಅದರಂತೆ ಚೌಕಾಸಿಯ ಅರ್ಜಿಯನ್ನು ಆರೋಪ ಹೊರಿಸಿದ ಮೂವತ್ತು ದಿನಗಳೊಳಗೆ ಸಲ್ಲಿಸಬೇಕು. ಅಜಾಗರೂಕತೆಯ ಸಾವಿಗೆ ಶಿಕ್ಷೆ ಐದು ವರ್ಷಕ್ಕೆ ಏರಿದೆ. ಮೊದಲ ಸಲದ ಅಪರಾಧಿ ಒಪ್ಪಿಕೊಂಡರೆ ಅದರ ಆರನೆಯ ಒಂದು ಭಾಗಕ್ಕೆ ಇಳಿಸಬಹುದು. ಒಂದು ಕಡೆ ಭಯ ಹೆಚ್ಚಿತು, ಇನ್ನೊಂದು ಕಡೆ ಆಸೆ ಹೆಚ್ಚಿತು, ಯೋಚಿಸಲು ಇರುವ ಕಾಲ ಮಾತ್ರ ಕಡಿಮೆಯಾಯಿತು. ನಿಮ್ಮ ಬಂಧುಬಳಗದಲ್ಲಿ ಯಾರಿಗಾದರೂ ಇಂಥ ಇಕ್ಕಟ್ಟು ಬಂದರೆ ಮೊದಲನೆಯ ವಾರದಲ್ಲಿಯೇ ತಿಳಿದವರನ್ನು ಕಾಣಿರಿ. ಸ್ತ್ರೀಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ, ಅಲ್ಪ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ಅದರ ರಾಜ್ಯ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ.

ನಮ್ಮ ಚಾಲಕನ ಮೊಕದ್ದಮೆ ಹಳೆಯ ಕಾನೂನಿನಂತೆಯೇ ನಡೆಯುತ್ತಿದೆ. ನಡೆಯುತ್ತಿದೆ ಎನ್ನುವುದು ಮರ್ಯಾದೆಯ ಮಾತು. ಮ್ಯಾಜಿಸ್ಟ್ರೇಟರು ಎರಡು ಸಲ ಬದಲಾದರು. ಕಂಡೆನೆಂದ ದಾರಿಹೋಕನಿಗೆ ಕಳಿಸಿದ ಸಮನ್ಸು ಹಿಂದಿರುಗಿ ಬಂದಿದೆ. ತಾರೀಖಿನ ದಿನ ಈತನ ಗಾಡಿ ಓಡುವುದಿಲ್ಲ; ಅಂದಿನ ಬಾಡಿಗೆ ಹೋಯಿತು. ಎರಡು ಅಂಗಡಿಯವರು ಬೇರೆ ಗಾಡಿ ಗೊತ್ತು ಮಾಡಿಕೊಂಡಿದ್ದಾರೆ. ಆತನ ಪತ್ನಿ ಕಳೆದ ಶಿವರಾತ್ರಿಗೆ ಬಂದಿದ್ದಾಗ ನಮ್ಮ ಕಡೆ ನೋಡಿದ ನೋಟದಲ್ಲಿ ಭಕ್ತಿಯೊಂದೇ ಇರಲಿಲ್ಲ. ಆ ರಾತ್ರಿ ನಮಗೆ, ಆತನಿಗೆ ಆ ಕಥೆಯನ್ನು ಹೇಳದಿದ್ದರೇ ಚೆನ್ನಾಗಿತ್ತೇನೋ ಎಂದು ಅನ್ನಿಸಿದ್ದುಂಟು.

ಕಳೆದ ವಾರ ಬಂದು, ಮುಂದಿನ ತಾರೀಖು ಬರೆದಿದ್ದ ಚೀಟಿಯನ್ನು ನಮ್ಮ ಮುಂದಿಟ್ಟು, ವಿಭೂತಿ ತೆಗೆದುಕೊಂಡು, ಸಾರಕ್ಕಿಯಲ್ಲಿ ಲೋಡು ಕಾಯುತ್ತಿದೆಯೆಂದು ಅವಸರದಿಂದ ಹೋದ. ಪಂಚಾಂಗ ತೆಗೆದು ನೋಡಿದರೆ ಅಂದು ಸೋಮವಾರ, ಮಠದಲ್ಲಿ ಜನ ಹೆಚ್ಚು. ಆದರೂ ಆ ಬೆಳಿಗ್ಗೆ ನೃಪತುಂಗ ರಸ್ತೆಗೆ ಹೋಗಿ ನ್ಯಾಯಾಲಯದ ಹಿಂದಿನ ಬೆಂಚಿನ ಮೇಲೆ ಕುಳಿತು ಬರಬೇಕೆಂದಿದ್ದೇವೆ. ಅಂದು ದರ್ಶನಕ್ಕೆ ಬರುವವರು ಮಧ್ಯಾಹ್ನದ ಮೇಲೆ ಬರಬೇಕಾಗಿ ವಿನಂತಿ.